ಸರ್ ಥಾಮಸ್ ಮನ್ರೋ: ಒಬ್ಬ ಸೇನಾನಿಯ ಬಾಳು ಮತ್ತು ಕನ್ನಡನಾಡು

ಕಿತ್ತೂರಿನ ಇತಿಹಾಸವನ್ನು ಓದುವವರಿಗೆ ಮನ್ರೋ ಎಂಬ ಹೆಸರು ಎರಡು ಕಡೆಗಳಲ್ಲಿ ಎದುರಾಗುತ್ತದೆ. 1818ರಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜನ ನೆರವನ್ನು ಪಡೆದು ಬೆಳಗಾವಿಯ ಕೋಟೆಯನ್ನು ಗೆದ್ದ ಜನರಲ್ ಮನ್ರೋ ಒಬ್ಬನು. 1824ರ ಡಿಸೆಂಬರಿನಲ್ಲಿ ಕಿತ್ತೂರಿನ ಎರಡನೆಯ ಮುತ್ತಿಗೆಯಲ್ಲಿ ಮಡಿದ ಸೊಲ್ಲಾಪುರದ ಸಬ್ ಕಲೆಕ್ಟರ್ ಮನ್ರೋ ಮತ್ತೊಬ್ಬನು. ಎರಡನೆಯವನು ಮೊದಲನೆಯವನ ಸೋದರನ ಮಗ. ಇವರಿಬ್ಬರನ್ನೂ ಒಬ್ಬನೇ ಎಂದು ತಿಳಿದು, ಕಿತ್ತೂರಿನಿಂದ ಉಪಕಾರ ಪಡೆದವನೇ ಕಿತ್ತೂರಿನ ಮೇಲೆ ಬಂದು ತಕ್ಕ ಫಲವನ್ನು ಉಂಡನೆಂದು ಹೇಳುವವರುಂಟು. ಕಥೆಯಾಗಿ ಅದು ಸೊಗಸಾದುದೇ. ಚರಿತ್ರೆ ಮಾತ್ರ ಹಾಗಿಲ್ಲ. ಜನರಲ್ ಮನ್ರೋ 1824ರಲ್ಲಿ ಮದರಾಸಿನ ಗವರ್ನರನಾಗಿದ್ದನು. ಕಿತ್ತೂರಾದರೋ ಮುಂಬಯಿ ಸರ್ಕಾರದ ಅಧೀನದಲ್ಲಿದ್ದಿತು. ಹಾಗೆಂದು ಆತನಿಗೂ ಕಿತ್ತೂರಿನ ದುರಂತಕ್ಕೂ ಸಂಬಂಧವೇ ಇಲ್ಲವೆನ್ನುವುದೂ ಸಲ್ಲದು. ಆ ಸಂಬಂಧ ಎಂತಹದು ಎಂಬುದನ್ನು ಅರಿಯಬೇಕಾದರೆ ಆತನ ಬಾಳನ್ನು ಮೊದಲಿನಿಂದ ನೋಡಬೇಕಾಗುತ್ತದೆ.

ಥಾಮಸ್ ಮನ್ರೋ 1761ರ ಮೇ 27ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಹುಟ್ಟಿದನು. ತಂದೆ ಅಲೆಗ್ಸಾಂಡರ್ ಮನ್ರೋ ಅಮೆರಿಕದ ವರ್ಜೀನಿಯಾ ಸೀಮೆಯೊಡನೆ ವ್ಯಾಪಾರ ನಡೆಸುತ್ತಿದ್ದನು. ಅಮೆರಿಕದ ವಸಾಹತುಗಳು ಇಂಗ್ಲೆಂಡಿನ ವಿರುದ್ಧ ಯುದ್ಧ ಹೂಡಿದಾಗ ಆ ವ್ಯಾಪಾರ ನೆಲಕಚ್ಚಿತು. ಮನೆತನ ಬಡತನಕ್ಕೆ ಇಳಿಯಿತು. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಓದಿ, ಸೆರ್ವಾಂಟಿಸನ ಕಾದಂಬರಿಯನ್ನು ಮೂಲದಲ್ಲಿಯೇ ಓದಬೇಕೆಂಬ ಹಂಬಲದಿಂದ ಸ್ಪ್ಯಾನಿಷ್ ಭಾಷೆಯನ್ನು ತಾನೇ ಕಲಿತಿದ್ದ ತರುಣನು ಹೊಟ್ಟೆಯ ಪಾಡಿಗಾಗಿ ಈಸ್ಟ್ ಇಂಡಿಯಾ ಕಂಪನಿಯ ಮದರಾಸ್ ದಂಡಿನಲ್ಲಿ ಕೆಡೆಟ್ ಆಗಿ ಸೇರಿ 1780ರ ಜನವರಿಯಲ್ಲಿ ಮದರಾಸಿಗೆ ಬಂದಿಳಿದನು. ಬಾಲ್ಯದ ಬೇನೆಯೊಂದರಿಂದ ಆತನ ಕಿವಿ ಮಂದವಾಗಿತ್ತು. ಮುಂದೆ ಹಳ್ಳಿ ಹಳ್ಳಿಯ ರೈತರ ಅಹವಾಲನ್ನು ಕೇಳುವುದೇ ಈತನ ಕಸುಬಾಯಿತೆಂಬುದು ನೆನೆಯತಕ್ಕ ಸಂಗತಿ.

ಬಂದ ವರ್ಷವೇ ಹೈದರಾಲಿಯೊಡನೆ ಯುದ್ಧ. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ದಂಡು ನಾಶವಾಯಿತು. ಕೆಲವೇ ಹರದಾರಿ ದೂರದ ಕಂಚಿಯಲ್ಲಿದ್ದ ಹೆಕ್ಟರ್ ಮನ್ರೋ (ಇವನು ಬೇರೆಯವನು) ನೆರವಿಗೆ ಹೋಗದೆ, ತನ್ನ ದೊಡ್ಡ ತೋಪುಗಳನ್ನು ಅಲ್ಲಿಯ ಕೆರೆಗೆ ನೂಕಿ ಮದರಾಸಿಗೆ ಹಿಮ್ಮೆಟ್ಟಿದನು. ನಮ್ಮ ತರುಣನು ಆ ಹಿಮ್ಮೆಟ್ಟಿದ ದಂಡಿನಲ್ಲಿದ್ದನು. ಅನಂತರ ಸರ್ ಐರ್ ಕೂಟನ ಕೈಕೆಳಗೆ ತಿರುಗಿದನು. ತನ್ನ ಸೋದರಿಗೆ ಬರೆದ ಕಾಗದವೊಂದರಲ್ಲಿ, ಇಂಡಿಯಾಕ್ಕೆ ಬರುವವರೆಗೆ ಹಸಿವೆಯಾಗಲಿ ದಣಿವಾಗಲಿ ಏನೆಂದು ತನಗೆ ಗೊತ್ತಿರಲಿಲ್ಲವೆಂದೂ, ಮೊದಲ ಮೂರು ವರ್ಷ ಪುಸ್ತಕ ಇಲ್ಲವೆ ತೋಟಾಚೀಲವೇ ತನ್ನ ತಲೆದಿಂಬಾಗಿತ್ತೆಂದೂ ಹೇಳಿಕೊಂಡಿದ್ದಾನೆ. ಅಂದಿನ ಕಂಪನಿಯ ನೌಕರರೆಲ್ಲ ಬಂದ ದಿನದಿಂದಲೇ ನವಾಬರಾಗುತ್ತಿದ್ದರೆಂದು ನಾವು ತಿಳಿಯಬಾರದು.

ಈ ಕಾಲದ್ದೇ ಒಂದು ಸಂಗತಿ ಸಾಹಿತ್ಯದ ವಿದ್ಯಾರ್ಥಿಗಳಿಗೆ ರುಚಿಸೀತು. ಪಾರಸಿ ಭಾಷೆಯನ್ನು ಕಲಿತ ಮನ್ರೋ ಒಂದು ಹಸ್ತಪ್ರತಿಯಲ್ಲಿ, ಸಾಲಕ್ಕೆ ಈಡಾಗಿ ದೇಹದ ಮಾಂಸವನ್ನೇ ಕೇಳಿದವನ ಕಥೆಯೊಂದನ್ನು ಕಂಡು ಅದನ್ನು ಇಂಗ್ಲಿಷಿಗೆ ಇಳಿಸಿದನು. ಶೇಕ್ಸ್‌ಪಿಯರನ ಶೈಲಾಕನ ಪ್ರಸಂಗಕ್ಕೆ ಇರುವ ಹೋಲಿಕೆಗಾಗಿ ಎಡ್ಮಂಡ್ ಮಲೋನ್ ಎಂಬ ವಿದ್ವಾಂಸನು ತನ್ನ ಶೇಕ್ಸ್‌ಪಿಯರ್ ಸಂಪುಟದಲ್ಲಿ ಅದನ್ನು ಸೇರಿಸಿದನು. ಕೇವಲ ಲೆಫ್ಟಿನೆಂಟನಾಗಿ ದಂಡಿನಲ್ಲಿ ಕೊಳೆಯುತ್ತಿದ್ದವನ ಹೆಸರು ಮೊದಲು ಅಚ್ಚಾದದ್ದು ಹೀಗೆ, ಕಥೆಯೊಂದರ ನೆಪದಿಂದ. ಕ್ಯಾಪ್ಟನ್ ಪದವಿ ಬಂದದ್ದು 1796ರಲ್ಲಿ, ಬಂದ ಹದಿನಾರು ವರ್ಷಗಳ ಮೇಲೆ.

ದಾರಿ ತಿರುಗಿದ್ದು 1792ರಲ್ಲಿ. ಶ್ರೀರಂಗಪಟ್ಟಣದ ಒಪ್ಪಂದದಿಂದ ಟಿಪ್ಪುವಿನ ರಾಜ್ಯದ ಬಾರಾಮಹಲ್ ಸೀಮೆ, ಅಂದರೆ ಇಂದಿನ ಕೃಷ್ಣಗಿರಿ, ಧರ್ಮಪುರಿ, ಸೇಲಂ ಭಾಗ, ಕಂಪನಿಗೆ ಸೇರಿತು. ಮದರಾಸಿನ ಸಿವಿಲ್ ನೌಕರರಲ್ಲಿ ದೇಶಭಾಷೆ ಬಲ್ಲವರು ದೊರೆಯದೆ ಗವರ್ನರ್ ಜನರಲ್ ಕಾರ್ನ್‌ವಾಲಿಸನು ಅದನ್ನು ಕ್ಯಾಪ್ಟನ್ ಅಲೆಗ್ಸಾಂಡರ್ ರೀಡ್ ಎಂಬ ಸೇನಾಧಿಕಾರಿಗೆ ವಹಿಸಿದನು. ಅವನ ಮೂವರು ಸಹಾಯಕರಲ್ಲಿ ಮನ್ರೋ ಒಬ್ಬನು. ಏಳು ವರ್ಷ ಡೇರೆಯಲ್ಲಿ ಬಾಳಿ, ಹೊಲ ಹೊಲವನ್ನೂ ಅಳೆದು, ಒಬ್ಬೊಬ್ಬ ರೈತನೊಡನೆಯೂ ನೇರವಾಗಿ ಕಂದಾಯವನ್ನು ಗೊತ್ತುಮಾಡುವ ಕೆಲಸ. ಅದೇ ಹೊತ್ತಿಗೆ, 1793ರಲ್ಲಿ, ಬಂಗಾಳದಲ್ಲಿ ಜಮೀನ್ದಾರರೊಡನೆ ಶಾಶ್ವತ ಜಮಾಬಂದಿಯಾಯಿತು. ನಡುವಣ ಜಮೀನ್ದಾರನಿಗೆ ಎಡೆಯಿಲ್ಲದ ರೈತವಾರಿ ಪದ್ಧತಿಯ ಬೀಜ ಬಿದ್ದದ್ದು ಬಾರಾಮಹಲಿನಲ್ಲಿ. ಬಿತ್ತಿದವನು ರೀಡ್, ಬೆಳೆಸಿದವನು ಮನ್ರೋ. ಕೀರ್ತಿ ಶಿಷ್ಯನಿಗೇ ಸಂದಿತು. ಗುರುವನ್ನು ಲೋಕ ಮರೆಯಿತು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಮೈಸೂರು ರಾಜ್ಯವನ್ನು ಹಂಚಿ, ಒಡೆಯರ ಮನೆತನವನ್ನು ಮತ್ತೆ ನಿಲ್ಲಿಸಿದ ಆಯೋಗಕ್ಕೆ ಮನ್ರೋ ಮತ್ತು ಜಾನ್ ಮಾಲ್ಕಮ್ ಇಬ್ಬರೂ ಕಾರ್ಯದರ್ಶಿಗಳಾಗಿದ್ದರು. ಆ ಕೆಲಸ ಮುಗಿದೊಡನೆಯೇ ಆತನನ್ನು ಕೆನರಾಕ್ಕೆ, ನಮ್ಮ ಕರಾವಳಿಗೆ, ಕಲೆಕ್ಟರನನ್ನಾಗಿ ಕಳುಹಿಸಲಾಯಿತು. ಹೋಗಲು ಆತನಿಗೆ ಮನಸ್ಸಿರಲಿಲ್ಲ. ಬಿಡದ ಮಳೆ, ಜಮಾಬಂದಿಗೆ ಬರಲೊಲ್ಲದೆ ಗುಂಪು ಕೂಡುವ ಒಕ್ಕಲುಗಳು, ಜಮಾಲಾಬಾದಿನಲ್ಲಿಯೂ ವಿಟ್ಲದಲ್ಲಿಯೂ ಬಂಡಾಯ. ಆದರೂ ಒಂದು ವರ್ಷದ ಆ ವಾಸದಲ್ಲಿ ಆತನು ಬರೆದ ವರದಿಗಳು ಕನ್ನಡನಾಡಿನ ಆರ್ಥಿಕ ಇತಿಹಾಸಕ್ಕೆ ಇಂದಿಗೂ ಬೇಕಾದವು. ವಿಜಯನಗರದ ಅರಸರು ಗೊತ್ತುಮಾಡಿದ ತೆರಿಗೆ, ಅದರ ಮೇಲೆ ಇಕ್ಕೇರಿಯ ಅರಸರು ಏರಿಸಿದ್ದು, ಇವೆರಡೂ ಸೇರಿ ನಿಂತ ‘ರೇಖೆ’, ಆಮೇಲೆ ಹೈದರ್ ಮತ್ತು ಟಿಪ್ಪು ಸೇರಿಸಿದ ‘ಶಾಮಿಲ್’ — ಇವನ್ನು ಹಳೆಯ ಲೆಕ್ಕಗಳ ಆಧಾರದಿಂದ ಬಿಡಿಸಿ ತೋರಿಸಿದನು. ಹಿಂದಿನ ತೆರಿಗೆ ಹಗುರವೂ ಸ್ಥಿರವೂ ಆಗಿದ್ದುದರಿಂದಲೇ ಅಲ್ಲಿ ಭೂಮಿ ಮಾರುವ, ಕೊಳ್ಳುವ, ಮಕ್ಕಳಿಗೆ ಬಿಡುವ ನಿಜವಾದ ಆಸ್ತಿಯಾಗಿತ್ತೆಂಬುದು ಆತನು ಕಂಡುಕೊಂಡ ಸಾರ. ಕೆಳದಿಯ ಅರಸರ ಆಡಳಿತವನ್ನು ಕೊಂಡಾಡುವ ನಮ್ಮವರು ಈ ಸಾಕ್ಷ್ಯವನ್ನು ಬಳಸಿಕೊಂಡದ್ದು ಕಡಿಮೆ. ಹೊರಗಿನವನ, ಅದೂ ತೆರಿಗೆ ವಸೂಲಿಗೆಂದೇ ಬಂದವನ ಬಾಯಿಂದ ಬಂದ ಮಾತಾದ್ದರಿಂದ ಅದರ ತೂಕ ಹೆಚ್ಚು.

1800ರ ಅಕ್ಟೋಬರಿನಲ್ಲಿ ನಿಜಾಮನು ಕಂಪನಿಗೆ ಬಿಟ್ಟುಕೊಟ್ಟ ಸೀಮೆಗೆ ‘ದತ್ತ ಮಂಡಲ’ವೆಂದು ಹೆಸರಾಯಿತು. ಬಳ್ಳಾರಿ, ಅನಂತಪುರ, ಕಡಪ, ಕರ್ನೂಲಿನ ಕೆಲವು ಭಾಗ ಇದರಲ್ಲಿ ಸೇರಿದ್ದವು. ಹಂಪೆ, ಆದವಾನಿ, ಹರಪನಹಳ್ಳಿ ಇದರೊಳಗಣವೇ. ಏಳು ವರ್ಷ ಮನ್ರೋ ಇದರ ಮುಖ್ಯ ಕಲೆಕ್ಟರನಾಗಿದ್ದನು. ಸುಮಾರು ಎಂಬತ್ತು ಮಂದಿ ಪಾಳೆಯಗಾರರು ಆ ಸೀಮೆಯನ್ನು ಹಂಚಿಕೊಂಡಿದ್ದರು. ಆತನು ಅವರ ಕೋಟೆಗಳನ್ನು ಕೆಡವಿಸಿದನು, ಬಂಟರನ್ನು ಚದುರಿಸಿದನು, ಕೆಲವರನ್ನು ಓಡಿಸಿದನು, ಉಳಿದವರನ್ನು ಪಿಂಚಣಿಗೆ ಇಳಿಸಿದನು. ಈ ಕಾರ್ಯದಲ್ಲಿ ತೋರಿದ ಕಾಠಿಣ್ಯಕ್ಕಾಗಿ ಲಂಡನಿನ ನಿರ್ದೇಶಕರೇ ಆತನನ್ನು ಆಕ್ಷೇಪಿಸಿದರು. ರೈತನ ಬಂಧುವೆಂದು ಕೀರ್ತಿಸುವವರು ಈ ಪುಟವನ್ನು ಮಗುಚಿಹಾಕಬಾರದು. ಇನ್ನೊಂದು ಮಾತು: ಆತನ ಕಾಲದಲ್ಲಿ ಸೀಮೆಯ ಕಂದಾಯ ಹೆಚ್ಚುಕಡಿಮೆ ಒಂದೂವರೆ ಪಟ್ಟಾಯಿತು. ಇದು ಹೊರೆಯೆಂದು ಆತನಿಗೇ ಗೊತ್ತಿತ್ತು. 1807ರಲ್ಲಿ ಹೊರಡುವ ಮುನ್ನ ತೆರಿಗೆಯನ್ನು ನೂರಕ್ಕೆ 25ರಂತೆ ಇಳಿಸಬೇಕೆಂದು ಬರೆದನು. ಸರ್ಕಾರ ಕೇಳಲಿಲ್ಲ, ರೈತವಾರಿಯನ್ನೇ ಬಿಟ್ಟು ಹಳ್ಳಿಗಳನ್ನು ಗುತ್ತಿಗೆಗೆ ಕೊಟ್ಟಿತು. ಹದಿಮೂರು ವರ್ಷಗಳಾದ ಮೇಲೆ ಆತನೇ ಗವರ್ನರನಾಗಿ ಬಂದು ತನ್ನ ಶಿಫಾರಸನ್ನು ತಾನೇ ಜಾರಿಗೆ ತರಬೇಕಾಯಿತು.

ಈ ಸೀಮೆಯ ಜನ ಮಕ್ಕಳಿಗೆ ಮನ್ರೋಲಪ್ಪನೆಂದು ಹೆಸರಿಟ್ಟರು. ಮಂತ್ರಾಲಯದ ಬೃಂದಾವನದ ಮುಂದೆ ನಿಂತ ಈತನಿಗೆ ರಾಘವೇಂದ್ರಸ್ವಾಮಿಗಳು ಕಾಣಿಸಿಕೊಂಡು ಮಾತನಾಡಿದರೆಂಬ ಕಥೆ ಹಬ್ಬಿತು. ಭಕ್ತರ ನಂಬಿಕೆಯನ್ನು ಚರ್ಚಿಸುವುದು ಈ ಲೇಖನದ ಕೆಲಸವಲ್ಲ. ಒಬ್ಬ ಕಲೆಕ್ಟರನನ್ನು ಜನ ಯಾವ ಕಥೆಯೊಳಗೆ ಸೇರಿಸಿಕೊಂಡರೆಂಬುದಷ್ಟೇ ಇಲ್ಲಿ ಗಮನಿಸತಕ್ಕದ್ದು.

ಕಚೇರಿಯಲ್ಲಿ ಕುಳಿತರೂ ದಂಡಿನವರು ಆತನನ್ನು ಮರೆಯಲಿಲ್ಲ. 1803ರ ಸೆಪ್ಟೆಂಬರಿನಲ್ಲಿ ಅಸಾಯಿಯ ಕಾಳಗವನ್ನು ಗೆದ್ದ ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲ್ಲಿಂಗ್ಟನ್ ಡ್ಯೂಕನಾದವನು, ತಾನು ಹಾಗೇಕೆ ಕಾದಿದೆನೆಂದು ಈ ಕಲೆಕ್ಟರನಿಗೆ ಸವಿಸ್ತಾರವಾಗಿ ಬರೆದು ವಿವರಣೆ ಕೊಟ್ಟನು. ಯುದ್ಧಕಾರ್ಯವನ್ನು ತೂಗಿ ನೋಡಬಲ್ಲವನೆಂಬ ಗೌರವ ಅದರ ಹಿಂದೆ ಇದ್ದಿತು.

1807ರಿಂದ 1814ರವರೆಗೆ ಆತನು ಸ್ವದೇಶದಲ್ಲಿದ್ದನು. 1813ರಲ್ಲಿ ಕಂಪನಿಯ ಸನದು ಮತ್ತೆ ಚರ್ಚೆಗೆ ಬಂದಾಗ ಪಾರ್ಲಿಮೆಂಟಿನ ಮುಂದೆ ಸಾಕ್ಷ್ಯ ಹೇಳಿದನು. ಇಂಗ್ಲೆಂಡಿನ ಬಟ್ಟೆಗೆ ಇಂಡಿಯಾದಲ್ಲಿ ಗಿರಾಕಿ ಉಂಟೇ ಎಂಬುದು ಕೇಳಿದವರ ಚಿಂತೆ. ಇಂಡಿಯಾದ ಶಾಲೊಂದನ್ನು ಏಳು ವರ್ಷ ಹೊದೆದರೂ ಅದು ಸವೆದಿಲ್ಲ, ಯೂರೋಪಿನ ಶಾಲನ್ನು ಬಿಟ್ಟಿಯಾಗಿ ಕೊಟ್ಟರೂ ತಾನು ಬಳಸಲಾರೆನೆಂದು ಆತನು ಉತ್ತರಿಸಿದನು. ನಾಗರಿಕತೆಯೇ ವ್ಯಾಪಾರದ ಸರಕಾಗುವುದಾದರೆ ಇಂಡಿಯಾದಿಂದ ತರಿಸಿಕೊಳ್ಳುವುದರಲ್ಲಿಯೇ ಇಂಗ್ಲೆಂಡಿಗೆ ಲಾಭವೆಂದೂ ಹೇಳಿದನು. ಮರುವರ್ಷ ಮದುವೆಯಾಗಿ, ನ್ಯಾಯವ್ಯವಸ್ಥೆಯ ಸುಧಾರಣೆಗೆಂದು ಮದರಾಸಿಗೆ ಮರಳಿದನು.

ಆತನ ಸೈನಿಕ ಜೀವನದ ಶಿಖರ ಬಂದದ್ದು ಆಮೇಲೆ, ಐವತ್ತಾರನೆಯ ವಯಸ್ಸಿನಲ್ಲಿ, ಧಾರವಾಡದ ಸೀಮೆಯಲ್ಲಿ. 1817ರ ಪುಣೆಯ ಒಪ್ಪಂದದಂತೆ ಪೇಶ್ವೆಯು ಬಿಟ್ಟುಕೊಟ್ಟ ಧಾರವಾಡವನ್ನು ವಹಿಸಿಕೊಳ್ಳಲು ಆತನು ಬಂದಿದ್ದನು. ಅದೇ ಆಗಸ್ಟ್ 12ರಂದು ಗವರ್ನರ್ ಜನರಲ್ ಹೇಸ್ಟಿಂಗ್ಸನಿಗೆ ಬರೆದ ಕಾಗದದಲ್ಲಿ, ಕಂಪನಿಯ ಸಹಾಯಕ ಸೈನ್ಯಪದ್ಧತಿಯು ದೇಶೀಯ ಅರಸರನ್ನು ಹಾಳುಮಾಡುತ್ತದೆಂದೂ, ಇಂಡಿಯಾವನ್ನು ಬ್ರಿಟಿಷರು ಪೂರ್ತಿಯಾಗಿ ಗೆದ್ದರೆ ಜನ ಮೇಲೇರುವ ಬದಲು ಕುಗ್ಗಿಹೋಗುವರೆಂದೂ ಸ್ಪಷ್ಟವಾಗಿ ಹೇಳಿದ್ದಾನೆ. ಹೀಗೆ ಬರೆದವನೇ ಮೂರು ತಿಂಗಳು ಕಳೆಯುವುದರೊಳಗೆ ಆ ಗೆಲುವನ್ನು ಪೂರ್ತಿಗೊಳಿಸುವ ಕತ್ತಿಯನ್ನು ಕೈಗೆತ್ತಿಕೊಂಡನು.

ನವೆಂಬರಿನಲ್ಲಿ ಪೇಶ್ವೆಯೊಡನೆ ಯುದ್ಧ ಮೊದಲಾದಾಗ ಆತನ ಬಳಿ ಇದ್ದುದು ಐದು ಕಂಪನಿ ಸಿಪಾಯಿಗಳು. ಸುತ್ತಲೂ ಪೇಶ್ವೆಯ ಕೋಟೆಗಳು. ದಂಡು ಬರಲೆಂದು ಆತನು ಕಾಯಲಿಲ್ಲ. ಊರಿನವರನ್ನೇ ಸಿಬ್ಬಂದಿ ಕಾಲಾಳುಗಳನ್ನಾಗಿ ಸೇರಿಸಿಕೊಂಡನು. ಇನ್ನೂ ವೈರಿಯ ಕೈಯಲ್ಲಿದ್ದ ತಾಲ್ಲೂಕುಗಳಿಗೆ ತನ್ನ ಅಮಲ್ದಾರರನ್ನು ನೇಮಿಸಿ ಕಳುಹಿಸಿದನು. ಅವರು ಹೋಗಿ ಪೇಶ್ವೆಗೆ ಸಲ್ಲಬೇಕಾಗಿದ್ದ ಕಂದಾಯವನ್ನು ಕಂಪನಿಯ ಹೆಸರಿನಲ್ಲಿ ಎತ್ತಿದರು. ಆ ಹಣದಿಂದಲೇ ಯುದ್ಧ ನಡೆಯಿತು. ನವಲಗುಂದ, ಗದಗ, ಡಂಬಳ, ಹುಬ್ಬಳ್ಳಿ ಒಂದರ ಹಿಂದೊಂದು ಕೈಸೇರಿದವು. 1818ರ ಫೆಬ್ರವರಿಯಲ್ಲಿ ಬಾದಾಮಿ, ಏಪ್ರಿಲ್ 10ರಂದು ಬೆಳಗಾವಿ, ಮೇ ತಿಂಗಳಲ್ಲಿ ಸೊಲ್ಲಾಪುರ. ವೈರಿಯ ನಾಡಿನ ಪ್ರಜೆಗಳಿಂದಲೇ ವೈರಿಯನ್ನು ಹೊರಹಾಕಿಸಿದ ಈ ಬಗೆಯನ್ನು ಹಳೆಯ ಗೆಳೆಯ ಮಾಲ್ಕಮ್ ಬೆರಗಿನಿಂದ ಕೊಂಡಾಡಿದ್ದಾನೆ.

ಜನ ಹೀಗೇಕೆ ಒಲಿದರು? ಎರಡನೆಯ ಬಾಜೀರಾಯನು ಮಹಾಲುಗಳನ್ನು ಹರಾಜಿನಲ್ಲಿ ಗುತ್ತಿಗೆಗೆ ಕೊಟ್ಟು, ಗುತ್ತಿಗೆದಾರರು ಹಳ್ಳಿಗಳನ್ನು ಹಿಂಡುತ್ತಿದ್ದುದು ಒಂದು ಕಾರಣ. ಕಿತ್ತೂರಿನವರಿಗಂತೂ ಬೇರೆ ಗಾಯವೇ ಇದ್ದಿತು. ಮಲ್ಲಸರ್ಜ ದೊರೆಯನ್ನು ಪೇಶ್ವೆಯು ಸೆರೆಹಿಡಿದು ಪುಣೆಯಲ್ಲಿ ಇಟ್ಟಿದ್ದನು, ಸೆರೆಯಿಂದ ಬಿಟ್ಟಾಗ ದೊರೆಯ ದೇಹ ಕುಗ್ಗಿಹೋಗಿತ್ತು, 1816ರಲ್ಲಿ ತೀರಿಕೊಂಡನು. ಅವನ ಮಗ ಶಿವಲಿಂಗರುದ್ರಸರ್ಜನು ಬೆಳಗಾವಿಯ ಮುತ್ತಿಗೆಯಲ್ಲಿ ಮನ್ರೋವಿಗೆ ನೆರವಾದುದರಲ್ಲಿ ಅಚ್ಚರಿಯಿಲ್ಲ. ಪ್ರತಿಯಾಗಿ ಕಿತ್ತೂರಿನ ಮೇಲಣ ಅವನ ಹಕ್ಕನ್ನು ಕಂಪನಿ ಮನ್ನಿಸಿ ಕಪ್ಪವನ್ನು ಗೊತ್ತುಮಾಡಿತು. ಕಿತ್ತೂರಿನವರ ದೃಷ್ಟಿಯಲ್ಲಿ ಇದು ಮಾತು ಕೊಟ್ಟವನ ಮುಖ ನೋಡಿ ಆದ ಒಪ್ಪಂದ. ಆ ಮುಖವು ಅದೇ ವರ್ಷ ಧಾರವಾಡವನ್ನು ಬಿಟ್ಟು ಹೊರಟುಹೋಯಿತು.

1819ರಲ್ಲಿ ಮೇಜರ್ ಜನರಲ್ ಪದವಿ ಮತ್ತು ‘ಸರ್’ ಎಂಬ ಬಿರುದು ಬಂದವು. 1820ರ ಜೂನಿನಲ್ಲಿ ಆತನು ಮದರಾಸಿನ ಗವರ್ನರನಾದನು. ಗವರ್ನರನಾಗಿ ಮಾಡಿದ್ದು ಬಹಳ. ನನಗೆ, ಬಾಳೆಲ್ಲ ಹಲಗೆ ಬಳಪಗಳ ನಡುವೆ ಕಳೆದವನಿಗೆ, ಒಂದು ಕಾರ್ಯ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಪ್ರಾಂತದಲ್ಲಿ ಎಷ್ಟು ಶಾಲೆಗಳಿವೆ, ಯಾರು ಓದುತ್ತಾರೆ, ಏನು ಓದುತ್ತಾರೆ ಎಂದು 1822ರಲ್ಲಿ ಆತನು ಎಲ್ಲ ಕಲೆಕ್ಟರರಿಂದಲೂ ಲೆಕ್ಕ ತರಿಸಿದನು. 1,28,50,941 ಜನಕ್ಕೆ 12,498 ಶಾಲೆಗಳು, 1,88,650 ವಿದ್ಯಾರ್ಥಿಗಳು. ಮನೆಯಲ್ಲಿ ಓದುವವರನ್ನೂ ಸೇರಿಸಿದರೆ ಹುಡುಗರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲಿಗೆ ಅಕ್ಷರ ದೊರೆಯುತ್ತಿದೆಯೆಂದೂ, ತೀರ ಹಿಂದಲ್ಲದ ಕಾಲದಲ್ಲಿ ಯೂರೋಪಿನ ಬಹುಪಾಲು ದೇಶಗಳ ಸ್ಥಿತಿ ಇದಕ್ಕಿಂತ ಕೀಳಾಗಿತ್ತೆಂದೂ ಆತನು ಬರೆದನು.

ಬಳ್ಳಾರಿಯ ಕಲೆಕ್ಟರ್ ಕ್ಯಾಂಬೆಲ್ 1823ರಲ್ಲಿ ಕಳುಹಿಸಿದ ವರದಿಯನ್ನು ಕನ್ನಡದ ವಿದ್ಯಾರ್ಥಿಗಳೆಲ್ಲ ಓದಬೇಕು. ಆ ಜಿಲ್ಲೆಯಲ್ಲಿ 533 ಶಾಲೆಗಳು. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226, ಸಂಸ್ಕೃತದವು 23, ಮರಾಠಿಯವು 23, ಪಾರಸಿಯವು 21, ತಮಿಳಿನವು 4, ಇಂಗ್ಲಿಷಿನದು ಒಂದೇ ಒಂದು. ಐಗಳ ಮಠದಲ್ಲಿ ಕಲಿತ ಹಿರಿಯರಿಂದ ನಾವು ಕೇಳಿದ ಚಿತ್ರವೇ ಅಲ್ಲಿದೆ. ಐದು ತುಂಬಿದ ಹುಡುಗ ಶಾಲೆಗೆ ಸೇರುತ್ತಾನೆ. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಾನೆ. ಬೆಳಗ್ಗೆ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಂದ ಏಟು. ಯಾವ ಯಾವ ಪುಸ್ತಕಗಳನ್ನು ಓದಿಸುತ್ತಾರೆಂಬ ಪಟ್ಟಿಯಲ್ಲಿ ಲಿಂಗಾಯತರ ಮಕ್ಕಳ ಓದಾಗಿ ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಅನುಭವಾಮೃತ, ಚೆನ್ನಬಸವಪುರಾಣ ಇವು ಕಾಣುತ್ತವೆ. ಹೆಸರುಗಳನ್ನು ಇಂಗ್ಲಿಷಿನಲ್ಲಿ ವಿಕಾರವಾಗಿ ಬರೆದಿದ್ದಾರೆ. ಸ್ವಲ್ಪ ತಡೆದು ಓದಬೇಕು. ನಮ್ಮ ಕಾವ್ಯಗಳು ಅಚ್ಚಿನ ಮನೆಯನ್ನು ಕಾಣುವ ಮೊದಲು ಎಲ್ಲಿ ಬದುಕಿದ್ದವು ಎಂಬ ಪ್ರಶ್ನೆಗೆ, ಬಳ್ಳಾರಿ ಸೀಮೆಯ ಹಳ್ಳಿಯ ಜಗಲಿಗಳಲ್ಲಿ ಎಂದು ಒಬ್ಬ ಪರದೇಶದ ಅಧಿಕಾರಿ 1823ರಲ್ಲಿ ಉತ್ತರ ಬರೆದಿಟ್ಟಿದ್ದಾನೆ. ಕಾವ್ಯದ ಹಳೆಯ ಭಾಷೆ ಅರ್ಥವಾಗದೆಯೇ ಮಕ್ಕಳು ಉರುಹೊಡೆಯುತ್ತಾರೆಂದು ಅವನು ದೂರುತ್ತಾನೆ, ಅದು ಸುಳ್ಳಲ್ಲ. ಹಿಂದೆ ಇದ್ದ ಶಾಲೆಗಳು ಜನರ ಬಡತನದಿಂದ ಮುಚ್ಚಿಹೋಗುತ್ತಿವೆಯೆಂದೂ, ಹತ್ತು ಲಕ್ಷದ ಹತ್ತಿರದ ಜನಸಂಖ್ಯೆಯಲ್ಲಿ ಶಾಲೆಗೆ ಹೋಗುವವರು ಏಳು ಸಾವಿರವೂ ಇಲ್ಲವೆಂದೂ ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಇಂಗ್ಲಿಷ್ ಬಟ್ಟೆ ಬಂದು ನೇಕಾರರ ಕಸುಬು ಕೆಟ್ಟದ್ದನ್ನು ಆ ಬಡತನದ ಕಾರಣಗಳಲ್ಲಿ ಒಂದಾಗಿ ಎಣಿಸುತ್ತಾನೆ. ಮನ್ರೋ ಶಾಲಿನ ಸಾಕ್ಷ್ಯ ಹೇಳಿ ಆಗ ಹತ್ತೇ ವರ್ಷ.

1826ರಲ್ಲಿ ಮನ್ರೋ ಪ್ರತಿ ಜಿಲ್ಲೆಗೆ ಎರಡು, ಪ್ರತಿ ತಹಶೀಲಿಗೆ ಒಂದು ಸರ್ಕಾರಿ ಶಾಲೆಯ ಯೋಜನೆ ಹಾಕಿದನು. ತಹಶೀಲಿನ ಉಪಾಧ್ಯಾಯನಿಗೆ ತಿಂಗಳಿಗೆ 9 ರೂಪಾಯಿ, ಜಿಲ್ಲೆಯವನಿಗೆ 15. ಆತನು ತೀರಿಕೊಂಡ ಮೇಲೆ ಆಸರೆಯಿಲ್ಲದೆ ಆ ಶಾಲೆಗಳು 1830ರ ದಶಕದಲ್ಲಿ ಮುಚ್ಚಿದವು.

ಈಗ ಕಿತ್ತೂರಿಗೆ ಬರೋಣ. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಂಡನು. ಮಾಸ್ತಮರಡಿಯ ಗೌಡರ ಮಗನನ್ನು ದತ್ತು ತೆಗೆದುಕೊಂಡದ್ದನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಮನ್ನಿಸಲಿಲ್ಲ. ಖಜಾನೆಗೆ ಮುದ್ರೆ ಬಿದ್ದಿತು. ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮಾಜಿಯ ಪಡೆಯೆದುರು ಥ್ಯಾಕರೆ ಹತನಾದನು. ಎಲಿಯಟ್ ಮತ್ತು ಸ್ಟೀವನ್‌ಸನ್ ಸೆರೆಸಿಕ್ಕರು. (ಈ ವಾಲ್ಟರ್ ಎಲಿಯಟನೇ ಮುಂದೆ ನಮ್ಮ ಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ಪ್ರತಿಮಾಡಿಸಿ ಕೂಡಿಟ್ಟವನು. ರಾಣಿ ಸೆರೆಯಾಳುಗಳನ್ನು ಮಾನವಾಗಿ ನಡೆಸಿಕೊಳ್ಳದಿದ್ದರೆ ಚಾಲುಕ್ಯರ ಚರಿತ್ರೆಯ ಶೋಧ ಎಷ್ಟು ತಡವಾಗುತ್ತಿತ್ತೋ!) ಡಿಸೆಂಬರಿನ ಮೊದಲ ವಾರದಲ್ಲಿ ದೊಡ್ಡ ದಂಡು ಬಂದು ಕೋಟೆಯನ್ನು ಒಡೆಯಿತು. ಮನ್ರೋವಿನ ಸೋದರನ ಮಗ ಅಲ್ಲಿ ಬಿದ್ದನು.

ಅಲ್ಲಿ ಸೇರಿದ್ದವರು ಯಾರು ಯಾರೆಂದು ನೋಡಿದರೆ ನಾನು ಮೊದಲು ಹೇಳಿದ ಸಂಬಂಧ ತಿಳಿಯುತ್ತದೆ. ದಖನ್ನಿನ ಕಮಿಷನರನಾಗಿ ಬಂದಿದ್ದ ಚಾಪ್ಲಿನ್, ಮನ್ರೋವಿನ ಕೈಯಲ್ಲಿ ಪಳಗಿ, ಧಾರವಾಡವನ್ನು ಅವನಿಂದಲೇ ವಹಿಸಿಕೊಂಡವನು. ಹತನಾದ ಥ್ಯಾಕರೆಯ ಅಣ್ಣ ವಿಲಿಯಂ, ದತ್ತ ಮಂಡಲದಲ್ಲಿ ಮನ್ರೋವಿಗೆ ಸಹಾಯಕನಾಗಿದ್ದವನು. ಎಂದರೆ ಕಿತ್ತೂರನ್ನು ಮುರಿದವರು ಮನ್ರೋವನ್ನು ಅರಿಯದ ಹೊಸಬರಲ್ಲ, ಆತನ ಬಳಗದವರೇ. ಆತನಿಂದ ಅವರು ಕಂದಾಯವನ್ನು ಕಲಿತರು, ಕಡತವನ್ನು ಕಲಿತರು. ಎದುರಿಗಿದ್ದವರ ಮನಸ್ಸನ್ನು ಓದುವುದನ್ನು ಕಲಿಯಲಿಲ್ಲ. ಆತನ ಆಡಳಿತದ ದೊಡ್ಡ ಊನ ಇದೇ ಎಂದು ನನಗೆ ತೋರುತ್ತದೆ: ಅದು ಆತನೊಬ್ಬನ ತಿಳಿವಳಿಕೆಯ ಮೇಲೆ ನಿಂತಿತ್ತು, ಆತನು ಎದ್ದುಹೋದ ಕಡೆ ಉಳಿದದ್ದು ಬರಿಯ ಅಧಿಕಾರ.

ಕಿತ್ತೂರು ಬಿದ್ದು ನಾಲ್ಕು ವಾರ ಕಳೆಯುವುದರೊಳಗೆ, 1824ರ ಡಿಸೆಂಬರ್ 31ರಂದು, ಮನ್ರೋ ತನ್ನ ಪ್ರಖ್ಯಾತವಾದ ಟಿಪ್ಪಣಿಯನ್ನು ಬರೆದನು. ದೇಶದ ಜನರನ್ನು ದೊಡ್ಡ ಹುದ್ದೆಗಳಿಂದ ದೂರವಿಟ್ಟು ಅವರ ಶೀಲವನ್ನು ದೂರುವುದು ಅನ್ಯಾಯ. ಗೆದ್ದವರು ಗೆಲ್ಲಲ್ಪಟ್ಟವರನ್ನು ಇಷ್ಟು ಅಪನಂಬಿಕೆಯಿಂದ ಕಂಡದ್ದು ಬೇರೆಲ್ಲಿಯೂ ಇಲ್ಲ. ಈ ಜನ ತಮ್ಮನ್ನು ತಾವೇ ಆಳಿಕೊಳ್ಳಬಲ್ಲವರಾದ ದಿನ ಬ್ರಿಟಿಷರು ತಾವಾಗಿ ಆಳ್ವಿಕೆಯನ್ನು ಬಿಡುವುದು ಇಬ್ಬರಿಗೂ ಲೇಸು — ಎಂಬುದು ಅದರ ತಾತ್ಪರ್ಯ. ಅಂದಿನ ಕಂಪನಿಯ ಅಧಿಕಾರಿಗಳಲ್ಲಿ ಹೀಗೆ ಬರೆದವರು ವಿರಳ. ಆದರೆ ಆ ದಿನ ಬಂದಿದೆಯೆಂದು ಹೇಳುವ ಅಧಿಕಾರ ಯಾರದು? ಆತನ ಬರಹದಲ್ಲಿ ಅದು ಆಳುವವರದೇ. ಬೈಲಹೊಂಗಲದ ಸೆರೆಗೆ ಹೋದ ರಾಣಿ ಅದು ತನ್ನದೆಂದು ತಿಳಿದಿದ್ದಳು. 1822ರಲ್ಲಿ ಪತ್ರಿಕಾಸ್ವಾತಂತ್ರ್ಯವನ್ನು ಈತನೇ ವಿರೋಧಿಸಿದ್ದನೆಂಬುದನ್ನೂ ಇದರ ಪಕ್ಕದಲ್ಲಿ ಇಟ್ಟು ನೋಡಬೇಕು. ಪತ್ರಿಕೆಯ ಮಾತು ಸಿಪಾಯಿಗಳ ಕಿವಿಗೆ ಬಿದ್ದರೆ ರಾಜ್ಯ ಉಳಿಯದೆಂದು ಆತನು ಸರಿಯಾಗಿಯೇ ಎಣಿಸಿದ್ದನು.

ಬರ್ಮಾದ ಯುದ್ಧದಿಂದ ಆತನ ಬಿಡುಗಡೆ ತಡವಾಯಿತು. 1825ರಲ್ಲಿ ಬ್ಯಾರೊನೆಟ್ ಪದವಿ ಬಂದಿತು. ಊರಿಗೆ ಹೊರಡುವ ಮುನ್ನ ಹಳೆಯ ದತ್ತ ಮಂಡಲವನ್ನು ಒಮ್ಮೆ ನೋಡಿಬರಬೇಕೆಂದು ಹೋದವನು ವಾಂತಿಭೇದಿಗೆ ಸಿಕ್ಕಿ 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ತೀರಿಕೊಂಡನು. ಗುತ್ತಿಯಲ್ಲಿ ಹೂಳಿದರು. ಸತ್ತ ಊರಿನಲ್ಲಿ ಸರ್ಕಾರ ತೋಪು ಬೆಳೆಸಿ ಬಾವಿ ತೋಡಿಸಿತು. ಗುತ್ತಿಯಲ್ಲಿ ಛತ್ರ ಕಟ್ಟಿಸಿತು. 1829ರಲ್ಲಿ ಚೆನ್ನಮ್ಮಾಜಿ ಬೈಲಹೊಂಗಲದಲ್ಲಿ ಲಿಂಗೈಕ್ಯಳಾದಳು. 1831ರ ಜನವರಿಯಲ್ಲಿ ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. ಅದೇ ವರ್ಷ ಮನ್ರೋವಿನ ಅಸ್ಥಿಗಳನ್ನು ಗುತ್ತಿಯಿಂದ ತೆಗೆದು ಮದರಾಸಿನ ಕೋಟೆಯೊಳಗಣ ಇಗರ್ಜಿಗೆ ಸಾಗಿಸಿದರು. 1839ರಲ್ಲಿ ಅಲ್ಲಿ ನಿಲ್ಲಿಸಿದ, ಶಿಲ್ಪಿ ಚಾಂಟ್ರಿ ಎರಕಹೊಯ್ದ ಕಂಚಿನ ವಿಗ್ರಹ ಚೆನ್ನೈನಲ್ಲಿ ಇಂದಿಗೂ ಇದೆ. ಕುದುರೆಯ ಮೇಲೆ ಕುಳಿತಿದ್ದಾನೆ; ಜೀನಿಲ್ಲ, ರಿಕಾಪುಗಳೂ ಇಲ್ಲ.